ಹತ್ತು ವರ್ಷ ಬಾಳುವ ವಾಷಿಂಗ್ ಮೆಷಿನ್ ಆರಿಸುವುದು ಹೇಗೆ?

“ಯಾವ ಕಂಪನಿ ಮೆಷಿನ್ ತಗೊಂಡ್ರೆ ಹತ್ತು ವರ್ಷ ತಲೆನೋವಿರಲ್ಲ?” ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಒಂದು ಹೆಸರು ಹೇಳಿ ಮುಗಿಸಬಹುದು, ಆದರೆ ಅದರಿಂದ ನಿಮಗೆ ಪ್ರಯೋಜನವಾಗದು. ಹೊಳೆ ನೀರು ಬರುವ ಮನೆಯಲ್ಲಿ ಹನ್ನೆರಡು ವರ್ಷ ನಡೆದ ಮಾಡೆಲ್ಲೇ ಕೋಲಾರದ ಬೋರ್‌ವೆಲ್ ನೀರಿಗೆ ಅದರ ಅರ್ಧ ಆಯಸ್ಸಿನಲ್ಲಿ ಮೂಲೆ ಸೇರಬಹುದು. ಮೆಷಿನ್ ಎಷ್ಟು ವರ್ಷ ಬಾಳುತ್ತದೆ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಮನೆಗೆ ಬರುವ ನೀರು, ಕರೆಂಟು, ಮತ್ತು ಕೆಟ್ಟಾಗ ಬಿಚ್ಚಿ ಸರಿಮಾಡಲು ಬರುತ್ತದೆಯೇ ಎಂಬುದು. ಹಾಗಾಗಿ ಮೊದಲ ಎರಡು ಹಂತಗಳನ್ನು ಅಂಗಡಿಗೆ ಹೊರಡುವ ಮುಂಚೆ ಮನೆಯಲ್ಲೇ ಮುಗಿಸಿ. ಒಂದು ಪಾರದರ್ಶಕ ಬಾಟಲಿ, ಸ್ನಾನದ ಸೋಪು, ಬಿಳಿ ಬಕೆಟ್ಟು, ಅಳತೆ ಟೇಪು ಇದ್ದರೆ ಸಾಕು. ಕರೆಂಟಿನ ಪರೀಕ್ಷೆಗೆ ಮಾತ್ರ ಎಲೆಕ್ಟ್ರಿಷಿಯನ್ ಬೇಕು.

1. ನೀರನ್ನು ಪರೀಕ್ಷಿಸಿ

ಬಾಟಲಿಯ ಅರ್ಧದಷ್ಟು ನೀರು ಹಿಡಿದು, ಕಡಲೆಕಾಳಿನಷ್ಟು ಸ್ನಾನದ ಸೋಪು ತುರಿದು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಮೇಲೆ ದಟ್ಟ ನೊರೆ ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ನೀರು ಮೃದು. ನೊರೆ ಬಾರದೆ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಮೇಲೆ ಬಿಳಿ ಚೂರುಗಳು ತೇಲಿದರೆ ಗಡಸು. ಈ ಪರೀಕ್ಷೆಗೆ ಬಟ್ಟೆ ಪುಡಿ ಬಳಸಬೇಡಿ. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಬರಿಸಿ ದಾರಿ ತಪ್ಪಿಸುತ್ತದೆ.

ಅಂಕಿ ಬೇಕಿದ್ದರೆ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ. ಕೇಳಬೇಕಾದ್ದು ‘ಒಟ್ಟು ಗಡಸುತನ’, ಟಿಡಿಎಸ್ ಅಲ್ಲ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಮೊತ್ತ. ಮೆಷಿನ್ನಿಗೆ ತೊಂದರೆ ಕೊಡುವುದು ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪಾಲು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳುತ್ತದೆ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಕುಡಿಯಲು ಒಪ್ಪಿಗೆಯಾದ ಆ 600ರ ನೀರು ಹೀಟರ್ ಇರುವ ಮೆಷಿನ್ನಿಗೆ ಮಾತ್ರ ವಿಷ. ಗಡಸು ನೀರು ಕಾದಷ್ಟೂ ಸುಣ್ಣ ಹೊರಬಿದ್ದು ಹೀಟರ್ ಕೊಳವೆಗೆ ಕಚ್ಚಿಕೊಳ್ಳುತ್ತದೆ. ಪೊರೆ ದಪ್ಪವಾದಂತೆ ಬಿಸಿ ನೀರಿಗೆ ಇಳಿಯದೆ ಹೀಟರೇ ಸುಡುತ್ತದೆ.

ನಮ್ಮ ಲೆಕ್ಕ ಇಷ್ಟು: 200ರ ಒಳಗಿದ್ದರೆ ಯಾವ ಬಗೆಯ ಮೆಷಿನ್ನಾದರೂ ಸರಿ. 300 ದಾಟಿದರೆ ಹೀಟರ್ ಇಲ್ಲದ ಟಾಪ್ ಲೋಡ್ (ಮೇಲಿನಿಂದ ಬಟ್ಟೆ ಹಾಕುವುದು) ಅಥವಾ ಸೆಮಿ ಆಟೊಮ್ಯಾಟಿಕ್ (ಒಗೆಯಲು, ಹಿಂಡಲು ಬೇರೆ ಬೇರೆ ತೊಟ್ಟಿ ಇರುವುದು) ಕ್ಷೇಮ. ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡೇ ಬೇಕೆಂದರೆ ಮನೆಗೆ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಹಾಕಿಸಿ, ಇಲ್ಲವೇ ಹೆಚ್ಚಾಗಿ ತಣ್ಣೀರಿನಲ್ಲೇ ಒಗೆಯಿರಿ. ನಲ್ಲಿಗೆ ಸಿಕ್ಕಿಸುವ ಅಂಗೈಯಗಲದ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಫಾಸ್ಫೇಟ್ ಹರಳು. ಅವು ಸುಣ್ಣ ಅಂಟುವುದನ್ನು ಸ್ವಲ್ಪ ತಡೆಯುತ್ತವೆಯೇ ಹೊರತು ನೀರನ್ನು ಮೃದು ಮಾಡುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನವರಿಗೆ ಗಡಸುತನಕ್ಕಿಂತ ಕಬ್ಬಿಣದ ಅಂಶದ ಕಾಟ ಹೆಚ್ಚು. ಬಿಳಿ ಬಕೆಟ್ಟಿನಲ್ಲಿ ರಾತ್ರಿ ನೀರು ಹಿಡಿದಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ ಕಂಡರೆ ಬಿಳಿ ಬಟ್ಟೆ ಹಳದಿಯಾಗುವುದು ಖಂಡಿತ, ಮೆಷಿನ್ನಿನ ನೀರಿನ ವಾಲ್ವೂ ಕಟ್ಟಿಕೊಳ್ಳುತ್ತದೆ. ಟ್ಯಾಂಕಿಗೆ ಮೊದಲೇ ಕಬ್ಬಿಣ ತೆಗೆಯುವ ಫಿಲ್ಟರ್ ಕೂರಿಸಬೇಕು.

ಇನ್ನು ಒತ್ತಡ. ಬಹಳಷ್ಟು ಫುಲ್ ಆಟೊಮ್ಯಾಟಿಕ್ ಮೆಷಿನ್ನುಗಳು ಕನಿಷ್ಠ 0.3 ಬಾರ್ ಒತ್ತಡ ಕೇಳುತ್ತವೆ. ನಿಮ್ಮ ಮಾಡೆಲ್ಲಿನದು ಕೈಪಿಡಿಯಲ್ಲಿರುತ್ತದೆ. ಟ್ಯಾಂಕಿನ ತಳದಿಂದ ನಲ್ಲಿಯವರೆಗೆ ನೇರ ಎತ್ತರ ಅಳೆಯಿರಿ. ಒಂದು ಮೀಟರಿಗೆ ಸುಮಾರು 0.1 ಬಾರ್. ಅಂದರೆ 3 ಮೀಟರ್ ಬೇಕೇ ಬೇಕು. ತಾರಸಿಯ ಮೇಲೆಯೇ ಟ್ಯಾಂಕ್ ಇದ್ದು, ಅದರ ಕೆಳಗಿನ ಮಹಡಿಯಲ್ಲಿ ನೀವಿದ್ದರೆ ಇದು ಅಂಚಿನ ಲೆಕ್ಕ. ಒತ್ತಡ ಕಡಿಮೆಯಾದರೆ ನೀರು ತುಂಬಲು ಹೆಚ್ಚು ಹೊತ್ತು ಹಿಡಿಯುವುದಷ್ಟೇ ಅಲ್ಲ, ವಾಲ್ವಿನ ಒಳಗಿನ ರಬ್ಬರ್ ಪರದೆ ಪೂರ್ತಿ ಮುಚ್ಚಿಕೊಳ್ಳದೆ, ಮೆಷಿನ್ ಆಫ್ ಇದ್ದಾಗಲೂ ಒಳಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ಇಂಥ ಮನೆಗೆ ಚಿಕ್ಕ ಪ್ರೆಷರ್ ಪಂಪ್ ಬೇಕಾಗುತ್ತದೆ.

2. ಕರೆಂಟು, ಅರ್ಥಿಂಗ್

ಫ್ರಂಟ್ ಲೋಡ್ ಮೆಷಿನ್ನಿನ ಹೀಟರ್ ಸುಮಾರು 2000 ವ್ಯಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು 8.7 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ ಇದನ್ನು ತಾಳದು, ಕರಗುತ್ತದೆ. 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ವೈರ್, ಪ್ರತ್ಯೇಕ ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮನೆಯ ಯುಪಿಎಸ್ ಲೈನಿಗೂ ಸೇರಿಸಬೇಡಿ.

ಎಲೆಕ್ಟ್ರಿಷಿಯನ್‌ರಿಂದ ಆ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. 3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಅಥವಾ ನ್ಯೂಟ್ರಲ್ ಎಲ್ಲೋ ಸಡಿಲ ಇದೆ. ಇದನ್ನು ಸರಿಪಡಿಸದೆ ಮೆಷಿನ್ ಕೂರಿಸಿದರೆ ಎಲೆಕ್ಟ್ರಾನಿಕ್ ಬೋರ್ಡ್, ಅಂದರೆ ಪಿಸಿಬಿ, ಕಾರಣವಿಲ್ಲದಂತೆ ಸುಡುತ್ತಾ ಹೋಗುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟುವ ಯಂತ್ರವಿದು. 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಸೋರಿದ ಕ್ಷಣದಲ್ಲಿ ಲೈನ್ ಕಡಿಯುವ ಸ್ವಿಚ್ ಅದು. ಮೆಷಿನ್ ಇಲ್ಲದ ಮನೆಗೂ ಬೇಕಾದದ್ದು.

ವೋಲ್ಟೇಜ್ ಏರಿಳಿತ ಹೆಚ್ಚಿರುವ ಊರಾದರೆ ಹೀಟರ್ ಇರುವ ಮೆಷಿನ್ನಿಗೆ 3 ಕೆವಿಎ ಸ್ಟೆಬಿಲೈಸರ್ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

3. ಯಾವ ಬಗೆ?

ಸೆಮಿ ಆಟೊಮ್ಯಾಟಿಕ್ ಬಡವರ ಮೆಷಿನ್ ಎಂಬ ಭಾವನೆ ತಪ್ಪು. ಬಾಳಿಕೆಯೊಂದನ್ನೇ ನೋಡಿದರೆ ನಮ್ಮ ಮೊದಲ ಆಯ್ಕೆ ಅದೇ. ಎರಡು ಮೋಟರ್, ಎರಡು ಟೈಮರ್, ಕೆಪಾಸಿಟರ್, ಬ್ರೇಕ್ ತಂತಿ, ರಬ್ಬರ್ ಸೀಲ್: ಒಳಗಿರುವುದು ಹೆಚ್ಚುಕಡಿಮೆ ಇಷ್ಟೇ. ಎಲ್ಲವೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುತ್ತವೆ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ. ಬಕೆಟ್ಟಿನಲ್ಲಿ ನೀರು ತುಂಬಿದರೂ ನಡೆಯುತ್ತದೆ. ಬಿಳಿ ಬಟ್ಟೆ ಒಗೆದ ಸೋಪಿನ ನೀರಿನಲ್ಲೇ ಬಣ್ಣದ್ದು, ಕೊನೆಗೆ ಕಾಲೊರಸು ಒಗೆಯಬಹುದು. ನೀರಿಗೆ ಬರವಿರುವ, ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುವ ಊರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೊರತೆ ಒಂದೇ, ಬಟ್ಟೆಯನ್ನು ಕೈಯಿಂದ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಬೆನ್ನು, ಭುಜದ ನೋವಿರುವವರಿಗೆ ಆಗದು.

ಟಾಪ್ ಲೋಡ್ ಬಗ್ಗದೆ ಬಟ್ಟೆ ಹಾಕಲು ಅನುಕೂಲ, ನಡುವೆ ನಿಲ್ಲಿಸಿ ಮರೆತ ಬಟ್ಟೆ ಸೇರಿಸಲೂಬಹುದು. 7 ಕೆಜಿಯದು ಒಂದು ಸಲಕ್ಕೆ ನೂರು ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಫ್ರಂಟ್ ಲೋಡಿಗೆ ಅದರ ಅರ್ಧ ಸಾಕು. ಫ್ರಂಟ್ ಲೋಡ್ ಚೆನ್ನಾಗಿ ಒಗೆಯುತ್ತದೆ, ಬಟ್ಟೆ ಸವೆಯುವುದು ಕಡಿಮೆ. ಆದರೆ ನೀರು, ಕರೆಂಟು, ಸೋಪು ಮೂರರಲ್ಲೂ ಶಿಸ್ತು ಬೇಡುತ್ತದೆ. ಆ ಶಿಸ್ತು ಸಾಧ್ಯವಿರುವ ಮನೆಗೆ ಮಾತ್ರ ತನ್ನಿ.

ಕರೆಂಟು ಎಷ್ಟು ಉಳಿಸುತ್ತದೆ ಎಂದು ತೋರಿಸುವ ಬಿಇಇ ಸ್ಟಾರ್ ಲೇಬಲ್ ನೋಡುವಾಗ ಒಂದೇ ಬಗೆಯ ಮೆಷಿನ್ನುಗಳನ್ನಷ್ಟೇ ಹೋಲಿಸಿ, ಮತ್ತು ಸ್ಟಾರ್ ಎಷ್ಟಿದ್ದರೂ ಅದು ಬಾಳಿಕೆಯ ಅಳತೆಯಲ್ಲ ಎಂಬುದು ನೆನಪಿರಲಿ.

4. ಎಷ್ಟು ಕೆಜಿ?

ಈ ಕೆಜಿ ಒಣಗಿದ ಬಟ್ಟೆಯ ತೂಕ, ಅದೂ ಹತ್ತಿ ಬಟ್ಟೆಯದು. ಸುಮಾರಾಗಿ ಜೀನ್ಸ್ ಒಂದಕ್ಕೆ 700 ಗ್ರಾಂ, ಸ್ನಾನದ ಟವೆಲ್ಲಿಗೆ 400ರಿಂದ 500, ಡಬಲ್ ಬೆಡ್‌ಶೀಟಿಗೆ 800 ಗ್ರಾಂನಿಂದ 1 ಕೆಜಿ, ಹತ್ತಿ ಸೀರೆಗೆ ಅರ್ಧ ಕೆಜಿಯ ಮೇಲೆ. ನಿಮ್ಮ ಮನೆಯ ಎರಡು ದಿನದ ಬಟ್ಟೆಯನ್ನು ತೂಗಿ ನೋಡಿ. ಬಂದ ತೂಕ ಮೆಷಿನ್ನಿನ ಸಾಮರ್ಥ್ಯದ ಮುಕ್ಕಾಲು ಭಾಗವಾದರೆ ಅದು ಸರಿಯಾದ ಅಳತೆ. ಮೂರು, ನಾಲ್ಕು ಜನರಿಗೆ 7 ಕೆಜಿ ಸಾಕು.

ದೊಡ್ಡದು ತಂದು ಅರೆಬರೆ ತುಂಬುವುದೂ ತಪ್ಪು. ಒಂದೇ ಒಂದು ದಪ್ಪ ಬೆಡ್‌ಶೀಟ್ ಹಾಕಿ ಹಿಂಡಲು ಬಿಟ್ಟರೆ ಅದು ಮುದ್ದೆಯಾಗಿ ಡ್ರಮ್ಮಿನ ಒಂದು ಬದಿಗೆ ಕೂರುತ್ತದೆ, ಪೂರ್ತಿ ಏಟು ಬೇರಿಂಗಿಗೆ. ಜೊತೆಗೆ ಎರಡು ಟವೆಲ್ ಹಾಕಿದರೆ ತೂಕ ಹರಡಿಕೊಳ್ಳುತ್ತದೆ.

5. ಅಂಗಡಿಯಲ್ಲಿ ಯಾರೂ ಹೇಳದ ಭಾಗ: ಟಬ್, ಬೇರಿಂಗ್, ಸ್ಪೈಡರ್

ನಿಮ್ಮ ಸಮಯವನ್ನೆಲ್ಲ ಇಲ್ಲಿ ಕೊಡಿ. ಫ್ರಂಟ್ ಲೋಡಿನಲ್ಲಿ ನಿಮಗೆ ಕಾಣುವ ಸ್ಟೀಲ್ ಡ್ರಮ್ಮು ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿಯೊಳಗೆ ತಿರುಗುತ್ತದೆ. ಆ ತೊಟ್ಟಿಯೇ ಹೊರ ಟಬ್. ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟು ಇರುತ್ತದೆ, ಅದಕ್ಕೆ ಸ್ಪೈಡರ್ ಎನ್ನುತ್ತಾರೆ. ಅದರ ದಂಡ ಟಬ್ಬಿನ ಹಿಂಬದಿಯ ಎರಡು ಬೇರಿಂಗುಗಳ ಮೂಲಕ ಹೊರಬಂದು ಮೋಟರಿಗೆ ಸೇರುತ್ತದೆ. ಬೇರಿಂಗಿಗೆ ನೀರು ಹೋಗದಂತೆ ತಡೆಯುವುದು ಒಂದು ರಬ್ಬರ್ ಸೀಲ್ ಮಾತ್ರ.

ಕೆಡುವ ಕ್ರಮ ಹೀಗೆ: ಮೊದಲು ಸೀಲ್ ಸವೆಯುತ್ತದೆ, ನೀರು ಒಳಹೋಗಿ ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ, ಬೇರಿಂಗ್ ತುಕ್ಕು ಹಿಡಿದು ಹಿಂಡುವಾಗ ವಿಮಾನ ಹೊರಟಂತೆ ಸದ್ದು ಮಾಡುತ್ತದೆ. ಬೇರಿಂಗಿನ ಬೆಲೆ ನೂರರ ಲೆಕ್ಕದಲ್ಲಿದೆ. ಆದರೆ ಎಷ್ಟೋ ಮಾಡೆಲ್ಲುಗಳಲ್ಲಿ ಹೊರ ಟಬ್ಬಿನ ಎರಡು ಹೋಳುಗಳನ್ನು ಕಾಯಿಸಿ ಬೆಸೆದುಬಿಟ್ಟಿರುತ್ತಾರೆ. ಅದನ್ನು ತೆರೆಯಲು ಬರುವುದಿಲ್ಲ. ಆಗ ಟಬ್, ಡ್ರಮ್, ಬೇರಿಂಗ್ ಸೇರಿದ ಇಡೀ ಜೋಡಣೆಯನ್ನೇ ಬದಲಿಸಬೇಕು. ಅಷ್ಟು ಹಣ ಕೇಳಿದಾಗ ಬಹುತೇಕರು ಹೊಸ ಮೆಷಿನ್ ಕೊಳ್ಳುತ್ತಾರೆ. ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಬಿಗಿದ ಟಬ್ ಆದರೆ ಒಬ್ಬ ಮೆಕ್ಯಾನಿಕ್ ಅರ್ಧ ದಿನದಲ್ಲಿ ಸೀಲ್, ಬೇರಿಂಗ್ ಬದಲಿಸಿ ಇನ್ನೈದು ವರ್ಷ ಓಡುವಂತೆ ಮಾಡಬಲ್ಲ.

ಹಾಗಾಗಿ ಕೊಳ್ಳುವ ಮುಂಚೆ ನಿಮ್ಮೂರಿನ ಮೆಕ್ಯಾನಿಕ್ ಒಬ್ಬರಿಗೆ ಮಾಡೆಲ್ ನಂಬರ್ ತೋರಿಸಿ ಮೂರು ಪ್ರಶ್ನೆ ಕೇಳಿ: ಟಬ್ ಬೆಸೆದದ್ದೋ ಸ್ಕ್ರೂನದ್ದೋ? ಬೇರಿಂಗ್ ಬೇರೆಯಾಗಿ ಸಿಗುತ್ತದೆಯೇ? ಪಿಸಿಬಿ ಬರಲು ಎಷ್ಟು ದಿನ ಬೇಕು? ಅಂಗಡಿಯ ಮಾರಾಟಗಾರನಿಗೆ ಇದು ತಿಳಿದಿರುವುದು ಅಪರೂಪ.

ಸ್ಪೈಡರ್ ಮುರಿಯುವುದು ಇನ್ನೂ ಕೆಟ್ಟದ್ದು. ಇದಕ್ಕೆ ಮುಖ್ಯ ಕಾರಣ ಅತಿಯಾದ ಸೋಪು. ಬಟ್ಟೆ ಪುಡಿ ಕ್ಷಾರೀಯ. ಅದರ ಜಿಡ್ಡು ಡ್ರಮ್ಮಿನ ಬೆನ್ನಿಗೆ ಅಂಟಿ ಒದ್ದೆಯಾಗಿಯೇ ಉಳಿದರೆ ಅಲ್ಯೂಮಿನಿಯಂ ಅನ್ನು ವರ್ಷಗಟ್ಟಲೆ ತಿನ್ನುತ್ತದೆ. ಕಡೆಗೆ ಒಂದು ದಿನ ಹಿಂಡುವಾಗ ಕಾಲು ತುಂಡಾಗುತ್ತದೆ. ಕೈಯಲ್ಲಿ ಒಗೆಯುವ ಪುಡಿಯನ್ನು ಫ್ರಂಟ್ ಲೋಡಿಗೆ ಯಾವತ್ತೂ ಹಾಕಬೇಡಿ, ನೊರೆ ಕಡಿಮೆ ಬರುವ ‘ಮ್ಯಾಟಿಕ್’ ಪುಡಿ ಅಥವಾ ದ್ರವವನ್ನೇ ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲಿ ಬಳಸಿ. ಕೊನೆಯ ಜಾಲಿಸುವಿಕೆಯಲ್ಲೂ ಗಾಜಿನ ಬಾಗಿಲಲ್ಲಿ ನೊರೆ ಕಂಡರೆ ಸೋಪು ಹೆಚ್ಚಾಗಿದೆ ಎಂದೇ ಅರ್ಥ. ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ ಬಿಸಿನೀರಿನ ಟಬ್ ಕ್ಲೀನ್ ಓಡಿಸಿ, ಒಗೆದ ಮೇಲೆ ಬಾಗಿಲು ತೆರೆದಿಡಿ.

ಪ್ರದರ್ಶನಕ್ಕಿಟ್ಟ ಮೆಷಿನ್ನಿನಲ್ಲಿ ಕೈಯಾರೆ ನೋಡಬೇಕಾದ್ದು ಎರಡು. ಬಾಗಿಲು ತೆರೆದು ಡ್ರಮ್ಮಿನ ಮೇಲಂಚನ್ನು ಎತ್ತಿ ಇಳಿಸಿ: ಡ್ರಮ್ಮು, ಹೊರ ಟಬ್ಬು ಎರಡೂ ಒಟ್ಟಿಗೆ ಅಲ್ಲಾಡಬೇಕು, ಡ್ರಮ್ಮೊಂದೇ ‘ಕಟಕಟ’ ಎಂದರೆ ಬೇರಿಂಗಿನಲ್ಲಿ ಸಡಿಲ. ಡ್ರಮ್ಮನ್ನು ಕೆಳಕ್ಕೊತ್ತಿ ಬಿಡಿ: ಒಮ್ಮೆ ಮೇಲೆದ್ದು ನಿಂತುಬಿಡಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಇದೇ ಪರೀಕ್ಷೆ. ಒಂದೇ ಸಾಮರ್ಥ್ಯದ ಎರಡು ಮಾಡೆಲ್ಲುಗಳ ನಡುವೆ ಗೊಂದಲವಾದರೆ ಮೆಷಿನ್ನಿನ ತೂಕ ನೋಡಿ ಭಾರವಾದದ್ದನ್ನು ಆರಿಸಿ. ಆ ಭಾರದ ದೊಡ್ಡ ಪಾಲು ಅದುರುವುದನ್ನು ತಡೆಯುವ ಕಾಂಕ್ರೀಟ್ ಗಟ್ಟಿಯದು.

1400 ಆರ್‌ಪಿಎಂ (ಹಿಂಡುವಾಗ ಡ್ರಮ್ಮು ನಿಮಿಷಕ್ಕೆ ತಿರುಗುವ ಸುತ್ತು) ಎಂಬ ಅಂಕಿಗೂ ಮರುಳಾಗಬೇಡಿ. ಹಿಂಡುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸಾವಿರದಿಂದ 1400ಕ್ಕೆ ಹೋದರೆ ಬೇರಿಂಗಿನ ಮೇಲಿನ ಬಲ ಹೆಚ್ಚುಕಡಿಮೆ ಇಮ್ಮಡಿ. ಬಯಲುಸೀಮೆಯ ಬಿಸಿಲಿಗೆ 800 ಸಾಕು.

6. ವಾರಂಟಿ ಕಾಗದ ಓದಿ

‘ಮೋಟರಿಗೆ 10 ವರ್ಷ ವಾರಂಟಿ’ ಎಂದರೆ ಮೋಟರಿಗೆ ಮಾತ್ರ. ಈಗಿನ ಬ್ರಶ್ ಇಲ್ಲದ ಇನ್ವರ್ಟರ್ ಮೋಟರುಗಳು ಸುಲಭಕ್ಕೆ ಕೆಡುವುದೂ ಇಲ್ಲ. ಕೆಡುವುದು ಪಿಸಿಬಿ, ನೀರು ಹೊರಹಾಕುವ ಪಂಪು, ಬಾಗಿಲಿನ ರಬ್ಬರ್, ನೀರಿನ ವಾಲ್ವು, ಬೇರಿಂಗು. ಇಡೀ ಮೆಷಿನ್ನಿಗೆ ಎಷ್ಟು ವರ್ಷ ವಾರಂಟಿ, ಪಿಸಿಬಿಗೆ ಎಷ್ಟು, ಮೆಕ್ಯಾನಿಕ್ ಬಂದುಹೋಗುವ ಖರ್ಚು ಯಾರದು ಎಂದು ಕೇಳಿ ಬರೆಸಿಕೊಳ್ಳಿ.

ಇಲಿ ಕಡಿದ ವೈರಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಟಾಪ್ ಲೋಡ್ ಮೆಷಿನ್ನುಗಳ ತಳ ಎಷ್ಟೋ ಸಲ ತೆರೆದಿರುತ್ತದೆ. ಇಲಿ ಬೆಚ್ಚಗಿನ ಜಾಗವೆಂದು ಸೇರಿಕೊಂಡು ವೈರು, ಪೈಪು ಕಡಿಯುತ್ತದೆ. ತಳಕ್ಕೆ ತಂತಿ ಜಾಲರಿ ಅಥವಾ ತಗಡು ಇದೆಯೇ ಎಂದು ಬಗ್ಗಿ ನೋಡಿ, ಇಲ್ಲದಿದ್ದರೆ ಕೇಳಿ ಹಾಕಿಸಿ.

ಹಬ್ಬದ ರಿಯಾಯಿತಿಯಲ್ಲಿ ಕೊಳ್ಳುವಾಗ ಹಿಂಬದಿಯ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ವಾರಂಟಿಯ ವ್ಯಾಜ್ಯ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

7. ಡ್ರೈಯರ್ ಬೇಕೇ?

ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನ ‘ಡ್ರೈಯರ್’ ಬರೀ ಹಿಂಡುತ್ತದೆ. ಇಲ್ಲಿ ಹೇಳುತ್ತಿರುವುದು ಬಿಸಿಗಾಳಿಯಿಂದ ಪೂರ್ತಿ ಒಣಗಿಸುವ ಯಂತ್ರದ ವಿಷಯ. ಬಯಲುಸೀಮೆಗೆ ಇದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಬೂಸಲು ಹಿಡಿಯುವ ಉಡುಪಿ, ಮಂಗಳೂರು, ಆಗುಂಬೆ, ಮಡಿಕೇರಿ ಕಡೆಯವರಿಗೆ, ಬಿಸಿಲು ಬೀಳದ ಅಪಾರ್ಟ್‌ಮೆಂಟಿನವರಿಗೆ ನಿಜಕ್ಕೂ ಉಪಯೋಗ.

ವೆಂಟೆಡ್ ಡ್ರೈಯರ್ ಅಗ್ಗ, ಒಳಗಿನ ರಚನೆ ಸರಳ, ರಿಪೇರಿ ಸುಲಭ. ಆದರೆ ತೇವದ ಗಾಳಿಯನ್ನು ಪೈಪಿನಲ್ಲಿ ಗೋಡೆಯಾಚೆ ಬಿಡಬೇಕು, 2000 ವ್ಯಾಟ್‌ನ ಮೇಲೆ ಕರೆಂಟು ತಿನ್ನುತ್ತದೆ. ಹೀಟ್ ಪಂಪ್ ಡ್ರೈಯರ್ ಫ್ರಿಜ್ಜಿನಂತೆ ಕಂಪ್ರೆಸರ್ ಇಟ್ಟುಕೊಂಡು ಸುಮಾರು ಅರ್ಧ ಕರೆಂಟಿನಲ್ಲಿ, ಕಡಿಮೆ ಬಿಸಿಯಲ್ಲಿ ಒಣಗಿಸುತ್ತದೆ. ಬೆಲೆ ಹೆಚ್ಚು, ರಿಪೇರಿಗೆ ಕಂಪನಿಯವರೇ ಬರಬೇಕು. ಒಗೆಯುವುದು, ಒಣಗಿಸುವುದು ಎರಡೂ ಒಂದರಲ್ಲೇ ಇರುವ ಮೆಷಿನ್ನನ್ನು ಜಾಗವಿಲ್ಲದವರಿಗೆ ಬಿಟ್ಟರೆ ಬೇರೆಯವರಿಗೆ ನಾವು ಹೇಳುವುದಿಲ್ಲ: 8 ಕೆಜಿ ಒಗೆದರೂ 5 ಕೆಜಿಯಷ್ಟೇ ಒಣಗಿಸುತ್ತದೆ, ಒಂದು ಕೆಟ್ಟರೆ ಎರಡೂ ನಿಲ್ಲುತ್ತವೆ.

ಯಾವ ಡ್ರೈಯರ್ ಆದರೂ ಪ್ರತಿ ಸಲ ನಾರಿನ ಜಾಲರಿ ಬಿಡಿಸಿ ಸ್ವಚ್ಛ ಮಾಡಿ. ಎಣ್ಣೆ ಸ್ನಾನದ ಟವೆಲ್ಲು, ಅಡುಗೆಮನೆಯ ಜಿಡ್ಡು ಬಟ್ಟೆಯನ್ನು ಒಗೆದ ಮೇಲೂ ಡ್ರೈಯರಿಗೆ ಹಾಕಬೇಡಿ. ಬಟ್ಟೆಯಲ್ಲಿ ಉಳಿದ ಎಣ್ಣೆ ಬಿಸಿಗೆ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲದು.

8. ಕೂರಿಸುವ ದಿನ

ಫ್ರಂಟ್ ಲೋಡ್ ಬಂದಾಗ ಹಿಂಬದಿಯಲ್ಲಿ ಮೂರು ಅಥವಾ ನಾಲ್ಕು ಉದ್ದ ಬೋಲ್ಟುಗಳಿರುತ್ತವೆ. ಸಾಗಾಟದಲ್ಲಿ ಡ್ರಮ್ಮು ಅಲ್ಲಾಡದಂತೆ ಹಿಡಿದಿಡುವುದು ಅವುಗಳ ಕೆಲಸ. ತೆಗೆಯದೆ ಓಡಿಸಿದರೆ ಮೊದಲ ದಿನವೇ ಮೆಷಿನ್ ಕುಣಿಯುತ್ತದೆ, ಒಳಭಾಗಕ್ಕೆ ಪೆಟ್ಟಾಗುತ್ತದೆ. ತೆಗೆದದ್ದನ್ನು ನಿಮ್ಮ ಕಣ್ಣಾರೆ ನೋಡಿ.

ಗಟ್ಟಿ ನೆಲದ ಮೇಲೆ ನಾಲ್ಕೂ ಕಾಲು ಊರಬೇಕು. ಮೂಲೆಯಿಂದ ಮೂಲೆಗೆ ಒತ್ತಿ ನೋಡಿ, ತೂಗಾಡಿದರೆ ಕಾಲಿನ ತಿರುಪು ಸರಿಮಾಡಿ ನಟ್ ಬಿಗಿಸಿ. ಚಕ್ರದ ಸ್ಟ್ಯಾಂಡ್ ಬೇಡ. ನೀರು ಬಿಡುವ ಪೈಪಿನ ತುದಿ ಫ್ರಂಟ್ ಲೋಡಿನಲ್ಲಿ ಕೈಪಿಡಿ ಹೇಳುವ ಎತ್ತರದಲ್ಲಿರಲಿ, ಸಾಮಾನ್ಯವಾಗಿ 60ರಿಂದ 100 ಸೆಂಟಿಮೀಟರ್. ನೆಲಕ್ಕೆ ಇಳಿಬಿಟ್ಟರೆ ತುಂಬುತ್ತಿರುವ ನೀರು ಹಾಗೇ ಹರಿದುಹೋಗಿ ಮೆಷಿನ್ ತುಂಬುತ್ತಲೇ ಇರುತ್ತದೆ. ಸೆಮಿ ಆಟೊಮ್ಯಾಟಿಕ್ಕಿಗೆ ಇದರ ತದ್ವಿರುದ್ಧ, ಪೈಪು ತಳಕ್ಕಿಂತ ಕೆಳಗೇ ಇಳಿಯಬೇಕು. ಸೋಲಾರ್ ಬಿಸಿನೀರಿನ ನಲ್ಲಿಗೆ ಮೆಷಿನ್ ಸೇರಿಸಬೇಡಿ. ತಣ್ಣೀರಿಗೆಂದು ಮಾಡಿದ ವಾಲ್ವಿನ ರಬ್ಬರ್ ಮೆತ್ತಗಾಗುತ್ತದೆ.

ಮೊದಲ ಸಲ ಬಟ್ಟೆಯಿಲ್ಲದೆ, ಎರಡನೇ ಸಲ ಅರ್ಧ ತುಂಬಿಸಿ ಹಿಂಡುವವರೆಗೂ ಓಡಿಸಿ, ಕೂರಿಸಲು ಬಂದವರು ಅಲ್ಲಿರುವಾಗಲೇ ಸದ್ದು, ಸೋರಿಕೆ ನೋಡಿ. ಪಂಪಿನ ಜಾಲರಿ, ನೀರಿನ ಪೈಪಿನ ತುದಿಯ ಜಾಲರಿ ಎರಡನ್ನೂ ಬಿಚ್ಚಿ ಹಾಕುವುದನ್ನು ಅವರಿಂದಲೇ ಕಲಿತುಕೊಳ್ಳಿ. ತೆಗೆದ ಬೋಲ್ಟುಗಳನ್ನು ಬಿಲ್ಲು, ಸೀರಿಯಲ್ ನಂಬರಿನ ಚೀಟಿಯ ಜೊತೆ ಒಂದು ಕವರಿನಲ್ಲಿ ಹಾಕಿ ಮೆಷಿನ್ನಿನ ಹಿಂಬದಿಗೆ ಅಂಟಿಸಿ. ಮನೆ ಬದಲಿಸುವಾಗ ಅವನ್ನು ಮತ್ತೆ ಹಾಕಿಯೇ ಮೆಷಿನ್ ಎತ್ತಬೇಕು.